ಹಿಮದ ನಡುವೆ ಒಂದು ಆಲೆಮನೆ

ಫೆಬ್ರವರಿ 2ರಂದು ಅಮೆರಿಕದವರೆಲ್ಲ ಟೀವಿ ಮುಂದೆ ಕೂತು, ಗ್ರೌಂಡ್‌ಹಾಗ್ ಎಂಬ ದಪ್ಪ ಪ್ರಾಣಿಗೆ ತನ್ನ ನೆರಳು ಕಂಡಿತೋ ಇಲ್ಲವೋ ಎಂದು ನೋಡುತ್ತಾರೆ. ಕಂಡರೆ ಚಳಿ ಇನ್ನೂ ಆರು ವಾರವಂತೆ. ನಮ್ಮ ಪಕ್ಕದ ಮನೆಯ ಅಜ್ಜ ಮಾತ್ರ ಆ ದಿನ ಕೊಟ್ಟಿಗೆಯ ಹಿಂದೆ ಹೋಗಿ ಸೌದೆ ರಾಶಿ ನೋಡಿ ಬರುತ್ತಾನೆ. ಅವತ್ತಿಗೆ ಅರ್ಧ ಸೌದೆ, ಅರ್ಧ ಹುಲ್ಲು ಉಳಿದಿರಬೇಕು ಎನ್ನುವುದು ಇಲ್ಲಿನ ರೈತರ ಹಳೇ ಲೆಕ್ಕ.

ನಮ್ಮ ಮೊದಲ ವರ್ಷ ಆ ಹೊತ್ತಿಗೆ ಕಾಲು ಭಾಗವೂ ಉಳಿದಿರಲಿಲ್ಲ. ಶಿರಸಿ ಸೀಮೆಯ ಅಡಿಕೆ ತೋಟದಿಂದ ವರ್ಮಾಂಟ್ ರಾಜ್ಯದ ಈಶಾನ್ಯ ಮೂಲೆಗೆ, ಸೇಂಟ್ ಜಾನ್ಸ್‌ಬರಿ ಕಡೆಯ ಒಂದು ಹಳ್ಳಿಗೆ ಬಂದವರು ನಾವು. ಸೌದೆ ಉರಿಸುವುದು ನನಗೇನು ಹೊಸದಲ್ಲ ಎಂಬ ಧೈರ್ಯವಿತ್ತು. ಬಚ್ಚಲ ಒಲೆಯ ಧೈರ್ಯ ಅದು, ಮೈನಸ್ 28ರಲ್ಲಿ ಕೆಲಸಕ್ಕೆ ಬರಲಿಲ್ಲ. ಡಿಸೆಂಬರಿನಲ್ಲಿ ನಾಲ್ಕೂಕಾಲಿಗೆ ಸೂರ್ಯ ಮುಳುಗುತ್ತಿದ್ದ. ಜನವರಿಯಲ್ಲಿ ಅಡುಗೆಮನೆಯ ಪೈಪು ಹೆಪ್ಪುಗಟ್ಟಿತು. ಕೂದಲು ಒಣಗಿಸುವ ಯಂತ್ರ ಹಿಡಿದು ಸಿಂಕಿನ ಕೆಳಗೆ ಮಲಗಿ ಅದನ್ನು ಕರಗಿಸಿದೆ. ಫೆಬ್ರವರಿ ಹೊತ್ತಿಗೆ ಮನೆಯೊಳಗೆ ಯಾರಿಗೂ ಯಾರ ಜೊತೆಗೂ ಆಡಲು ಮಾತೇ ಉಳಿದಿರಲಿಲ್ಲ.

"ವಸಂತ ಯಾವಾಗ?" ಅಂತ ಅಜ್ಜನನ್ನು ಕೇಳಿದೆ. ಉತ್ತರ ಹೇಳದೆ ನಮ್ಮ ಹಿತ್ತಿಲಿನ ಆರು ದೊಡ್ಡ ಮರಗಳನ್ನು ತೋರಿಸಿದ. ಶುಗರ್ ಮೇಪಲ್ ಮರಗಳು, ಕಾಂಡ ಕೊರೆದು ಇಳಿಸಿದ ರಸವನ್ನು ಕುದಿಸಿ ಇಲ್ಲಿಯವರು ಸಿಹಿ ಪಾಕ ಮಾಡುತ್ತಾರೆ. "ಬಕೆಟ್ ತಂದಿಡು" ಅಂದ.

ಆಮೇಲಿನ ವರ್ಷಗಳಲ್ಲಿ ನಾನೇ ಮರ ಆರಿಸಲು ಕಲಿತೆ. ಎಲೆ ಇರುವಾಗಲೇ, ಅಂದರೆ ಅಕ್ಟೋಬರಿನಲ್ಲೇ, ಕಾಂಡಕ್ಕೊಂದು ರಿಬ್ಬನ್ ಕಟ್ಟಿಡಬೇಕು. ಚಳಿಗಾಲದಲ್ಲಿ ಬೋಳು ಮರಗಳೆಲ್ಲ ನನ್ನ ಕಣ್ಣಿಗೆ ಒಂದೇ. ಕಾಂಡ ಕನಿಷ್ಠ ಹತ್ತು ಇಂಚು ಅಡ್ಡಗಲ ಇರಬೇಕು. ಹದಿನೆಂಟು ಇಂಚು ದಾಟಿದ ಮರಕ್ಕೆ ಎರಡು ನಳಿಗೆ ಹೊಡೆಯಬಹುದು. ಎಂಟು ಮಿಲಿಮೀಟರಿನ ಬಿಟ್ ಹಾಕಿ, ಒಂದೂವರೆ ಇಂಚು ಆಳಕ್ಕೆ, ರಸ ಹೊರಗೆ ಇಳಿಯುವಂತೆ ತುಸು ಮೇಲ್ಮುಖವಾಗಿ ಕೊರೆಯುತ್ತೇನೆ. ಬರುವ ಪುಡಿ ಕೆನೆ ಬಣ್ಣದ್ದಾದರೆ ಸರಿ. ಕಂದು ಬಂದರೆ ಅಲ್ಲಿ ಮರ ಸತ್ತಿದೆ ಎಂದು ಅರ್ಥ, ಜಾಗ ಬದಲಿಸಬೇಕು. ಹಳೇ ತೂತಿನ ಹತ್ತಿರಕ್ಕೂ ಹೋಗಬಾರದು. ಆಮೇಲೆ ನಳಿಗೆಯನ್ನು ಮೆತ್ತಗೆ ತಟ್ಟಿ ಕೂರಿಸುವುದು. ಜೋರಾಗಿ ಹೊಡೆದರೆ ಮರ ಸೀಳುತ್ತದೆ. ನಾನು ಒಂದು ಸೀಳಿದ್ದೇನೆ, ಅದರ ಗುರುತು ಇನ್ನೂ ಇದೆ.

ಯಾವಾಗ ಕೊರೆಯಬೇಕು ಎನ್ನುವುದೇ ನಿಜವಾದ ಪ್ರಶ್ನೆ. ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಮೇಲೆ, ಹೀಗೆ ಏರಿಳಿದರೆ ಮಾತ್ರ ರಸ ಇಳಿಯುತ್ತದೆ. ರಾತ್ರಿ ಹೆಪ್ಪುಗಟ್ಟುವಾಗ ಮರದೊಳಗಿನ ಗಾಳಿ ಕುಗ್ಗಿ ಬೇರಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಬೆಳಗ್ಗೆ ಕರಗಿದಾಗ ಒಳಗಿನ ಒತ್ತಡ ಅದನ್ನು ತೂತಿನಿಂದ ಹೊರಗೆ ದೂಡುತ್ತದೆ. ಬರೀ ಚಳಿಯಾದರೆ ತೊಟ್ಟೂ ಇಲ್ಲ. ಬರೀ ಬಿಸಿಲಾದರೆ ನಾಲ್ಕು ದಿನಕ್ಕೆ ಹಂಗಾಮು ಮುಗಿಯಿತು.

ಇದು ಅರ್ಥವಾದ ಮೇಲೆ ನನ್ನ ಗತಿ ವಿಚಿತ್ರವಾಯಿತು. ಮೂರು ತಿಂಗಳಿಂದ ಚಳಿಗೆ ಹಿಡಿಶಾಪ ಹಾಕುತ್ತಿದ್ದವಳು ಮಾರ್ಚ್ ಮೊದಲ ವಾರ ರಾತ್ರಿ ಹತ್ತಕ್ಕೆ ಬಾಗಿಲು ತೆರೆದು, ಥರ್ಮಾಮೀಟರಿಗೆ ಟಾರ್ಚ್ ಬಿಟ್ಟು, "ಇಳಿ, ಇನ್ನೂ ಸ್ವಲ್ಪ ಇಳಿ" ಅನ್ನತೊಡಗಿದೆ. ಇವರು ನನ್ನನ್ನು ನೋಡಿದ ನೋಟ ಹೇಳಲಿಕ್ಕಾಗದು.

ಮೊದಲ ಹನಿ ಬಿದ್ದದ್ದು ಮಧ್ಯಾಹ್ನ ಹನ್ನೊಂದರ ಹೊತ್ತಿಗೆ. ಖಾಲಿ ತಗಡಿನ ಬಕೆಟ್ಟಿಗೆ ಟಣ್ ಎಂದಿತು. ಬೆರಳಲ್ಲಿ ಹಿಡಿದು ನೆಕ್ಕಿದರೆ ನೀರು! ಕಡೆಗೆ ಎಲ್ಲೋ ಒಂದು ಸಿಹಿಯ ಅನುಮಾನ. ಮೇಪಲ್ ರಸದಲ್ಲಿ ಸಕ್ಕರೆ ಇರುವುದು ಸುಮಾರು ಶೇಕಡಾ 2 ಅಷ್ಟೆ. 86ನ್ನು ಆ ಶೇಕಡಾವಾರಿನಿಂದ ಭಾಗಿಸಿದರೆ ಒಂದು ಪಾಲು ಪಾಕಕ್ಕೆ ಎಷ್ಟು ಪಾಲು ರಸ ಬೇಕೆಂದು ಸಿಗುತ್ತದೆ. ಎರಡಕ್ಕೆ ನಲವತ್ತಮೂರು.

ಅಪ್ಪಯ್ಯನಿಗೆ ಫೋನಿನಲ್ಲಿ ಈ ಲೆಕ್ಕ ಹೇಳಿದೆ. ನಮ್ಮೂರಿನಲ್ಲೂ ಆಗ ಆಲೆಮನೆಯ ಕಾಲ. ಅಲ್ಲಿ ನಾಲ್ಕೈದು ಕೊಡ ಕಬ್ಬಿನಹಾಲಿಗೆ ಒಂದು ಕೊಡ ಜೋನಿಬೆಲ್ಲ ಆಗುತ್ತದೆ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೂಸೇ, ಅದು ಬೆಲ್ಲ ಮಾಡದಲ್ಲ, ಕಟ್ಟಿಗೆ ಸುಡದು" ಅಂದ.

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಮೊದಲ ಸಲ ನಾನು ಅಡುಗೆಮನೆಯ ಗ್ಯಾಸಿನ ಮೇಲೆ ಕುದಿಸಿದೆ. ಇಪ್ಪತ್ತು ಲೀಟರ್ ರಸದಲ್ಲಿ ಹತ್ತೊಂಬತ್ತೂವರೆ ಲೀಟರ್ ಆವಿಯಾಗಿ ಹೋಗಬೇಕು. ಹೋಗುವುದು ಎಲ್ಲಿಗೆ? ಕಿಟಕಿಗಳೆಲ್ಲ ಮುಚ್ಚಿದ್ದವು. ಸಂಜೆ ಹೊತ್ತಿಗೆ ಸೂರಿನಿಂದ ಹನಿ ಬೀಳುತ್ತಿತ್ತು, ಗೋಡೆಯ ಕಾಗದ ಮೂಲೆಯಲ್ಲಿ ಬಿಟ್ಟುಕೊಂಡಿತ್ತು, ಸ್ವಿಚ್ಚುಗಳೆಲ್ಲ ಅಂಟಂಟು. ಬಾಡಿಗೆ ಮನೆ ಬೇರೆ. ಮರುದಿನವೇ ಅಂಗಳದ ಹಿಮ ಗೋರಿ, ಸಿಮೆಂಟ್ ಇಟ್ಟಿಗೆ ಜೋಡಿಸಿ ಒಲೆ ಹೂಡಿದೆ. ಮೇಲೆ ಮದುವೆ ಮನೆಗಳಲ್ಲಿ ಅನ್ನ ಬಡಿಸಲು ಇಡುತ್ತಾರಲ್ಲ, ಅಂಥ ಅಗಲದ ಸ್ಟೀಲ್ ಪಾತ್ರೆ ಎರಡು. ಆವಿಗೆ ಆಳಕ್ಕಿಂತ ಅಗಲ ಮುಖ್ಯ, ಊರಿನ ಕೊಪ್ಪರಿಗೆ ಕಲಿಸಿದ ಪಾಠ.

ನೊರೆ ಉಕ್ಕಿ ಬಂದಾಗ ಅಜ್ಜ ಒಂದು ಚೂರು ಬೆಣ್ಣೆ ಹಾಕಲು ಹೇಳಿದ್ದ, ನಾನು ತುಪ್ಪ ಹಾಕಿದೆ. ಒಂದೇ ತೊಟ್ಟು, ನೊರೆ ಪಟ್ಟನೆ ಕೂತಿತು. ಇಲ್ಲಿಯವರೆಗೆ ಎಲ್ಲ ಸಲೀಸು. ಎಡವಿದ್ದು ಪಾಕ ನೋಡುವಾಗ. ನೀರಿನ ಕುದಿಬಿಂದುವಿಗಿಂತ ನಾಲ್ಕು ಡಿಗ್ರಿ ಸೆಲ್ಸಿಯಸ್ ಏರಿದೊಡನೆ ಇಳಿಸಬೇಕು, ಅಂದರೆ 104ರ ಆಸುಪಾಸು. ನನಗೆ ಥರ್ಮಾಮೀಟರ್ ಯಾಕೆ, ಆಲೆಮನೆಯಲ್ಲೇ ಬೆಳೆದವಳಲ್ಲವೇ? ಹೆಬ್ಬೆರಳು ತೋರುಬೆರಳ ನಡುವೆ ಎಳೆ ಬರುವ ತನಕ ಬಿಟ್ಟೆ. ಎಳೆ ಚೆನ್ನಾಗಿಯೇ ಬಂತು. ಒಂದು ತಿಂಗಳಿಗೆ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆ ಗಟ್ಟಿ ಕೂತಿತ್ತು. ಈಗ ಥರ್ಮಾಮೀಟರ್ ಇದೆ. ಪ್ರತಿ ಸಲ ಮೊದಲು ಬರೀ ನೀರು ಕುದಿಸಿ ಅವತ್ತಿನ ಕುದಿಬಿಂದು ನೋಡಿಕೊಳ್ಳುತ್ತೇನೆ. ಗಾಳಿಯ ಒತ್ತಡದ ಮೇಲೆ ಅದು ದಿನಾ ತುಸು ಬದಲಾಗುತ್ತದೆ. ಬಿಸಿ ಇರುವಾಗಲೇ ದಪ್ಪ ಉಣ್ಣೆಬಟ್ಟೆಯಲ್ಲಿ ಸೋಸಬೇಕು, ಇಲ್ಲವಾದರೆ ತಳದಲ್ಲಿ ಮರಳಿನಂಥ ಗಷ್ಟು ನಿಲ್ಲುತ್ತದೆ.

ಆ ವರ್ಷ ಎಂಟು ನಳಿಗೆಗಳಿಂದ ಸುಮಾರು 260 ಲೀಟರ್ ರಸ ಇಳಿಯಿತು, ಪಾಕ ಆರು ಲೀಟರ್. ನಲವತ್ತು ಲೀಟರ್ ಬಕೆಟ್ಟಿನಲ್ಲೇ ಕೆಟ್ಟದ್ದು ಇದಕ್ಕೆ ಸೇರಿಲ್ಲ. ಬಿಸಿಲು ಬಿದ್ದ ಎರಡು ದಿನ ಕುದಿಸಲು ಪುರಸೊತ್ತಾಗಲಿಲ್ಲ, ಹಾಲಿನಂತೆ ಬೆಳ್ಳಗೆ ತಿರುಗಿಬಿಟ್ಟಿತು. ಈಗ ಬಕೆಟ್ಟುಗಳನ್ನು ಮನೆಯ ಉತ್ತರದ ನೆರಳಿನಲ್ಲಿ ಹಿಮದೊಳಗೆ ಹೂತಿಡುತ್ತೇನೆ. ಹಿಮ ಒಂದು ಉಪಯೋಗಕ್ಕೆ ಬಂದದ್ದು ಹೀಗೆ.

ಇನ್ನೊಂದು ಉಪಯೋಗ ಅಜ್ಜನ ಹೆಂಡತಿ ತೋರಿಸಿದಳು. ಶುಭ್ರ ಹಿಮವನ್ನು ತಟ್ಟೆಗೆ ಒತ್ತಿ ತುಂಬಿ, ಇನ್ನಷ್ಟು ಕುದಿಸಿ ಗಟ್ಟಿ ಮಾಡಿದ ಬಿಸಿ ಪಾಕವನ್ನು ದಾರದಂತೆ ಸುರಿದರೆ ಜಗಿಯುವ ಮಿಠಾಯಿಯಾಗುತ್ತದೆ. ಅದರ ಜೊತೆ ಡೋನಟ್, ಮತ್ತೆ ಹುಳಿ ಸೌತೆಕಾಯಿ ಉಪ್ಪಿನಕಾಯಿ! ನನಗೆ ನಗು ಬಂತು. ಊರಿನ ಆಲೆಮನೆಯಲ್ಲಿ ಕಬ್ಬಿನಹಾಲು ಕುಡಿಯುತ್ತ ಮಂಡಕ್ಕಿ, ಹಸಿಮೆಣಸು ತಿನ್ನುವವರೂ ಸಿಹಿ ಮುರಿಯುವುದಕ್ಕೆ ಇದೇ ಉಪಾಯ ಮಾಡುತ್ತಾರೆ. ಈ ರಸದ ಗುಟ್ಟು ಬಿಳಿಯರು ಬರುವ ಮುಂಚೆಯೇ ಇಲ್ಲಿನ ಅಬೆನಾಕಿ ಜನರಿಗೆ ಗೊತ್ತಿತ್ತು. ಅವರು ಖಾರಕ್ಕೆ ಏನು ತಿನ್ನುತ್ತಿದ್ದರೋ.

ಅಷ್ಟರಲ್ಲಿ ಕೆಸರುಗಾಲ ಬಂದುಬಿಡುತ್ತದೆ. ಇಲ್ಲಿಯವರು ಅದನ್ನು ಐದನೇ ಋತು ಅನ್ನುತ್ತಾರೆ. ವರ್ಮಾಂಟಿನ ರಸ್ತೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಟಾರಿಲ್ಲ. ಮೇಲಿನ ಮಣ್ಣು ಕರಗಿದರೂ ಕೆಳಗೆ ಇನ್ನೂ ಹೆಪ್ಪುಗಟ್ಟಿದ ಪದರ, ನೀರು ಇಂಗಲು ದಾರಿಯಿಲ್ಲ. ಗದ್ದೆ ನಾಟಿಗೆ ಹದ ಮಾಡಿಟ್ಟ ಹಾಗೆ ರಸ್ತೆ. ನಮ್ಮ ಕಾರು ಎರಡು ಸಲ ಹೂತಿದೆ, ಎರಡೂ ಸಲ ಅಜ್ಜನ ಟ್ರ್ಯಾಕ್ಟರ್ ಎಳೆದಿದೆ, ಎರಡೂ ಸಲ ಅವನೊಂದು ಮಾತೂ ಆಡಿಲ್ಲ.

ಹಂಗಾಮಿನ ಮೊದಲ ಪಾಕ ಜೇನಿನ ಬಣ್ಣ, ಕಡೆಯದು ಡಿಕಾಕ್ಷನ್ನು. ಮೊಗ್ಗು ಉಬ್ಬಿದ ಮೇಲೆ ರಸಕ್ಕೊಂದು ಕಮಟು ವಾಸನೆ ಬರುತ್ತದೆ, ಅಲ್ಲಿಗೆ ನಳಿಗೆ ಕೀಳಬೇಕು. ತೂತಿಗೆ ಏನೂ ತುರುಕಬಾರದು, ಮರ ತಾನೇ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಹಳ್ಳದ ಬದಿಯಲ್ಲಿ ಹೆಬ್ಬೆರಳ ಉಗುರಿನಷ್ಟಿರುವ ಪೀಪರ್ ಕಪ್ಪೆಗಳು ಕಿವಿ ಕಿತ್ತುಹೋಗುವಷ್ಟು ಕೂಗುತ್ತಿರುತ್ತವೆ. ಹಸಿರೆನ್ನುವುದು ಇನ್ನೂ ಎಲ್ಲೂ ಇಲ್ಲ.

2024ರಲ್ಲಿ ಏಪ್ರಿಲ್ 8ಕ್ಕೆ ಇಲ್ಲಿ ಖಗ್ರಾಸ ಸೂರ್ಯಗ್ರಹಣ, ಮಾರನೇ ದಿನ ಯುಗಾದಿ. ಗ್ರಹಣ ನೋಡಲು ಎಲ್ಲೆಲ್ಲಿಂದಲೋ ಜನ ಬಂದು ಕೆಸರಿನ ದಾರಿಗಳಲ್ಲೆಲ್ಲ ಕಾರುಗಳು. ಊರಿನಲ್ಲಿ ಆಗ ನಡುರಾತ್ರಿ. ಆಯಿ ಮಲಗದೆ ಫೋನ್ ಮಾಡಿ, "ಕುದಿಸಿದ್ದಕ್ಕೆ ದರ್ಭೆ ಹಾಕಿದ್ಯನೇ?" ಅಂತ ಕೇಳಿದಳು. ದರ್ಭೆ ಎಲ್ಲಿ ತರಲಿ? ಮಧ್ಯಾಹ್ನ ಮೂರೂವರೆಗೆ ಮುಂಚೆ ಕತ್ತಲಾದಾಗ ಕಪ್ಪೆಗಳು ಸಂಜೆಯಾಯಿತೆಂದು ಕೂಗಿದವು, ಬೆಳಕು ಬಂದೊಡನೆ ಸುಮ್ಮನಾದವು.

ಮರುದಿನ ಬೇವಿಲ್ಲದೆ ಯುಗಾದಿ. ತೆಳ್ಳೇವು, ಅಂದರೆ ತೆಳು ದೋಸೆ, ಹೊಯ್ದು, ಕಡೆಯ ಕುದಿಯ ಕಪ್ಪು ಪಾಕ ಸುರಿದು, ಅಜ್ಜನಿಗೂ ಅವನ ಹೆಂಡತಿಗೂ ಕೊಟ್ಟು ಬಂದೆ. ಅಜ್ಜ ಒಂದು ತುತ್ತು ಜಗಿದು, ಈ ಪಾಕ ಕುದಿಸಬಾರದಿತ್ತು, ಮೊಗ್ಗಿನ ವಾಸನೆ ಬಂದಿದೆ ಅಂದ. ಆಮೇಲೆ ಇನ್ನೆರಡು ಹಾಕಿಸಿಕೊಂಡ.