ಪೇಟಿ ಕೇಳಿ ಬೆಳೆದವರು ಪಿಯಾನೊದಲ್ಲಿ ಮೊದಲ ಹಾಡು ನುಡಿಸುವ ಬಗೆ

ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಊರುಗಳಲ್ಲಿ ಬೆಳೆದವರಿಗೆ ಪಿಯಾನೊ ಹೊಸದಾಗಿರಬಹುದು, ಪೇಟಿ ಹೊಸದಲ್ಲ. ಶ್ರಾವಣದ ಭಜನೆಯಲ್ಲಿ, ಜಾತ್ರೆಯ ನಾಟಕದಲ್ಲಿ, ದಾಸರ ಪದ ಹಾಡುವ ಮನೆಗಳಲ್ಲಿ ಹಾರ್ಮೋನಿಯಂ ಕೇಳುತ್ತಲೇ ದೊಡ್ಡವರಾದ ನಮಗೆ ಶ್ರುತಿಯೂ ತಾಳವೂ ಯಾರೂ ಕೂರಿಸಿ ಕಲಿಸದೆಯೇ ಒಳಗಿಳಿದಿರುತ್ತವೆ. ಗಂಗಾವತಿಯಲ್ಲಿ ಸಂಜೆ ಹೊತ್ತು ಕೀಬೋರ್ಡ್ ಹೇಳಿಕೊಡುವ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರ ಆಸೆ ಒಂದೇ: ಬ್ಯಾಲಡ್ ಎಂದು ಕರೆಯುವ, ಒಂದು ದನಿ ಮತ್ತು ಒಂದು ಪಿಯಾನೊ ಇದ್ದರೆ ಸಾಕೆನಿಸುವ ನಿಧಾನಗತಿಯ ಪಾಪ್ ಹಾಡೊಂದನ್ನು ನುಡಿಸಲು ಬರಬೇಕು. ಹೊಸಬರಿಗೆ ಅದು ಕೈಗೆಟಕುವ ಗುರಿಯೇ ಆಗಿದೆ. ಆದರೆ ಪೇಟಿಯಿಂದ ಬಂದ ಕಿವಿಯನ್ನು ಉಳಿಸಿಕೊಂಡು, ಪೇಟಿ ನೋಡಿ ಬಂದ ಕೈಯ ರೂಢಿಯನ್ನು ಬಿಡಬೇಕಾಗುತ್ತದೆ.

ಪೇಟಿಯಲ್ಲಿ ಗಾಳಿ ಹರಿದು ಲೋಹದ ರೀಡುಗಳು ಕಂಪಿಸುವುದರಿಂದ ಬೆರಳು ಒತ್ತಿರುವಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ಪಿಯಾನೊದಲ್ಲಿ ಪುಟ್ಟ ಸುತ್ತಿಗೆಯೊಂದು ತಂತಿಗೆ ಬಡಿಯುತ್ತದೆ. ಬಡಿದ ಕ್ಷಣದಿಂದಲೇ ಸ್ವರ ಇಳಿಯತೊಡಗುತ್ತದೆ, ಬೆರಳನ್ನು ಎಷ್ಟು ಬಲವಾಗಿ ಒತ್ತಿ ಹಿಡಿದರೂ ಅದು ಮತ್ತೆ ಏರುವುದಿಲ್ಲ. ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ಗಾಯನ ಕೇಳುವ ಅವಕಾಶ ಸಿಕ್ಕಾಗ ಪೇಟಿಯವರ ಎಡಗೈಯನ್ನು ಗಮನಿಸಿ: ಅದು ತಿದಿ ಒತ್ತುವ ಕೆಲಸದಲ್ಲೇ ಇರುತ್ತದೆ, ದನಿಯ ಏರಿಳಿತವೂ ಅಲ್ಲೇ ಇರುತ್ತದೆ. ಬಲಗೈ ಗಾಯಕರ ನೆರಳಿನಂತೆ ಸ್ವರಸ್ವರವನ್ನೂ ಹಿಂಬಾಲಿಸುತ್ತದೆ. ಬ್ಯಾಲಡಿನಲ್ಲಿ ಇವೆರಡೂ ಬೇರೆ. ಎಡಗೈ ಕೆಳಗಿನ ಸ್ವರ ಹಿಡಿಯುತ್ತದೆ, ಬಲಗೈ ಹಾಡಿನ ಧಾಟಿಯನ್ನು ದನಿಗೇ ಬಿಟ್ಟು ಅದರ ಅಡಿಯಲ್ಲಿ ಕಾರ್ಡುಗಳನ್ನು, ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳನ್ನು, ಹಾಸುತ್ತದೆ. ಆದ್ದರಿಂದ ಮೊದಲ ದಿನವೇ ಬಲಗೈಯಲ್ಲಿ ಧಾಟಿ ಹುಡುಕಲು ಕೂರಬೇಡಿ. ಧಾಟಿಯನ್ನು ನೀವೇ ಹಾಡಿರಿ. ದನಿ ಚೆನ್ನಾಗಿಲ್ಲದಿದ್ದರೂ ಚಿಂತೆಯಿಲ್ಲ, ಹಾಡದೆ ಕಲಿತವರ ಕಾರ್ಡುಗಳು ಹಾಡಿನ ಉಸಿರಿಗೆ ಹೊಂದುವುದು ಬಹಳ ತಡ.

ನಿಜವಾದ ಪಿಯಾನೊದಲ್ಲಿ 88 ಕೀಗಳಿವೆ, 52 ಬಿಳಿ ಮತ್ತು 36 ಕರಿ. ನಮಗೆ 61 ಕೀಗಳ ಎಲೆಕ್ಟ್ರಾನಿಕ್ ಕೀಬೋರ್ಡು ಸಾಕು. ಕೊಳ್ಳುವಾಗ ಒಂದೇ ಕೀಯನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಗಟ್ಟಿಯಾಗಿ ನುಡಿಸಿ ನೋಡಿ. ದನಿಯಲ್ಲಿ ವ್ಯತ್ಯಾಸ ಬಾರದಿದ್ದರೆ ಅದನ್ನು ಬಿಟ್ಟುಬಿಡಿ. ನನ್ನ ಮೊದಲ ಕೀಬೋರ್ಡನ್ನು ಅಂಗಡಿಯವರ ಮಾತು ನಂಬಿ ಪರೀಕ್ಷಿಸದೆ ತಂದೆ, ಹೇಗೆ ನುಡಿಸಿದರೂ ಒಂದೇ ಮಟ್ಟದ ದನಿ ಬರುತ್ತಿತ್ತು, ಎರಡು ವರ್ಷ ನನ್ನ ಬೆರಳಿಗೆ ಮೃದುತ್ವವೇ ಬರಲಿಲ್ಲ. ಬ್ಯಾಟರಿಯಲ್ಲೂ ನಡೆಯುವಂಥದ್ದಾದರೆ ಬೇಸಿಗೆಯಲ್ಲಿ ಕರೆಂಟು ಹೋದಾಗ ಅಭ್ಯಾಸ ನಿಲ್ಲುವುದಿಲ್ಲ. ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲಿಡಬೇಡಿ, ನಮ್ಮ ಕಡೆಯ ಧೂಳಿಗೆ ಹತ್ತಿಬಟ್ಟೆ ಹೊದಿಸಿ. ಬೆರಳೆತ್ತಿದ ಮೇಲೂ ಸ್ವರವನ್ನು ಉಳಿಸುವ, ಕಾಲಿನಿಂದ ಒತ್ತುವ ಸಸ್ಟೇನ್ ಪೆಡಲನ್ನು ಸಾಮಾನ್ಯವಾಗಿ ಬೇರೆಯಾಗಿಯೇ ಕೊಳ್ಳಬೇಕಾಗುತ್ತದೆ, ಅದನ್ನು ಮರೆಯಬೇಡಿ.

ಕರಿ ಕೀಗಳು ಎರಡು ಮತ್ತು ಮೂರರ ಗುಂಪುಗಳಲ್ಲಿವೆ. ಎರಡರ ಗುಂಪಿನ ಎಡಕ್ಕೆ ಅಂಟಿಕೊಂಡಿರುವ ಬಿಳಿ ಕೀಯೇ ಸಿ, ಪೇಟಿಯವರ ಮಾತಿನಲ್ಲಿ ಬಿಳಿ ಒಂದು. ಅದನ್ನು ಷಡ್ಜವಾಗಿಟ್ಟುಕೊಂಡರೆ ಸಾಲಾಗಿ ಬಿಳಿ ಕೀಗಳಲ್ಲೇ ಸ ರಿ ಗ ಮ ಪ ಧ ನಿ ಬರುತ್ತವೆ. ಹಿಂದುಸ್ತಾನಿ ಕಲಿತವರಿಗೆ ಇದು ಬಿಲಾವಲ್ ಥಾಟ್, ಕರ್ನಾಟಕ ಸಂಗೀತದವರಿಗೆ ಶಂಕರಾಭರಣ. ಕೀಬೋರ್ಡಿನ ನಡುವೆ ಇರುವ ಸಿ ಯಿಂದ ಆರಂಭಿಸೋಣ. ಬೆರಳುಗಳಿಗೆ ಎರಡೂ ಕೈಯಲ್ಲಿ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ 1ರಿಂದ 5ರ ಸಂಖ್ಯೆ ಕೊಡುವುದು ರೂಢಿ.

ಅಸಂಖ್ಯ ಪಾಪ್ ಹಾಡುಗಳು ನಾಲ್ಕೇ ಕಾರ್ಡುಗಳ ಮೇಲೆ ನಿಂತಿವೆ: ಸಿ ಮೇಜರ್, ಜಿ ಮೇಜರ್, ಎ ಮೈನರ್, ಎಫ್ ಮೇಜರ್. ಪುಸ್ತಕದಲ್ಲಿರುವಂತೆ ಪ್ರತಿ ಕಾರ್ಡನ್ನೂ ಅದರ ಮೂಲಸ್ವರದಿಂದ ಹಿಡಿಯಲು ಹೋದರೆ ಕೈ ಅತ್ತಿಂದಿತ್ತ ಜಿಗಿಯುತ್ತದೆ, ಹಾಡು ಕುಂಟುತ್ತದೆ. ಅದರ ಬದಲು ಹೀಗೆ ಮಾಡಿ. ಬಲಗೈಯ 1, 3, 5ನೇ ಬೆರಳುಗಳಿಂದ ಸ ಗ ಪ ಹಿಡಿಯಿರಿ. ಇದು ಸಿ ಮೇಜರ್. ಈಗ ಕಿರುಬೆರಳು ಪಂಚಮದಲ್ಲೇ ಇರಲಿ, ಹೆಬ್ಬೆರಳು ಒಂದು ಕೀ ಕೆಳಗಿನ ನಿಷಾದಕ್ಕೆ ಇಳಿಯಲಿ, ತೋರುಬೆರಳು ರಿಷಭವನ್ನು ಹಿಡಿಯಲಿ: ನಿ ರಿ ಪ, ಜಿ ಮೇಜರ್ ಆಯಿತು. ಅದೇ 1, 2, 5ನೇ ಬೆರಳುಗಳ ಆಕಾರವನ್ನು ಕೆಡಿಸದೆ ಇಡೀ ಕೈಯನ್ನು ಒಂದು ಬಿಳಿ ಕೀಯಷ್ಟು ಬಲಕ್ಕೆ ಸರಿಸಿದರೆ ಸ ಗ ಧ, ಎ ಮೈನರ್. ಅಲ್ಲಿ ಹೆಬ್ಬೆರಳು, ಕಿರುಬೆರಳು ನಿಂತಲ್ಲೇ ನಿಂತು, ನಡುಬೆರಳು ಗಾಂಧಾರದ ಬದಲು ಮಧ್ಯಮವನ್ನು ಒತ್ತಿದರೆ ಸ ಮ ಧ, ಎಫ್ ಮೇಜರ್. ಮಧ್ಯಮವೂ ಧೈವತವೂ ಒಂದೊಂದು ಕೀ ಇಳಿದರೆ ಮತ್ತೆ ಸ ಗ ಪ. ಇಡೀ ಸುತ್ತಿನಲ್ಲಿ ಯಾವ ಸ್ವರವೂ ಒಂದು ಬಿಳಿ ಕೀಗಿಂತ ಹೆಚ್ಚು ದೂರ ಹೋಗಲಿಲ್ಲ. ನಮ್ಮ ಓಣಿಯ ಪಿಯುಸಿ ಓದುವ ಹುಡುಗಿಯೊಬ್ಬಳು ಜಿಗಿಯುವ ಕಾರ್ಡುಗಳೊಂದಿಗೆ ಒಂದು ತಿಂಗಳು ಹೆಣಗಿ ಬೇಸತ್ತಿದ್ದಳು; ಈ ಸುತ್ತನ್ನು ತೋರಿಸಿದ ಸಂಜೆಯೇ ಅವಳು ಕೈ ನೋಡುವುದನ್ನು ಬಿಟ್ಟು ಹಾಡತೊಡಗಿದಳು.

ಎಡಗೈಗೆ ಏನೂ ಬಾರದು ಎಂದೇ ತಿಳಿದು ಆರಂಭಿಸಿ, ಏಕೆಂದರೆ ಪೇಟಿ ನುಡಿಸಿ ಬಂದವರ ಎಡಗೈಗೂ ಕೀಗಳು ಗೊತ್ತಿರುವುದಿಲ್ಲ. ನಡುವಿನ ಸಿ ಗಿಂತ ಒಂದು ಸಪ್ತಕ ಕೆಳಗಿನ ಸಿ ಮೇಲೆ ಎಡ ಹೆಬ್ಬೆರಳಿಡಿ, ಉಳಿದ ಬೆರಳುಗಳನ್ನು ಎಡಕ್ಕೆ ಒಂದೊಂದು ಬಿಳಿ ಕೀ ಮೇಲೆ ಇಳಿಬಿಡಿ. ಹೆಬ್ಬೆರಳಿನಡಿ ಸ, ನಡುಬೆರಳಿನಡಿ ಧ, ಉಂಗುರಬೆರಳಿನಡಿ ಪ, ಕಿರುಬೆರಳಿನಡಿ ಮ ಬಂದಿರುತ್ತವೆ. ತೋರುಬೆರಳಿಗೆ ಸದ್ಯ ಕೆಲಸವಿಲ್ಲ. ನಾಲ್ಕು ಕಾರ್ಡುಗಳ ಮೂಲಸ್ವರಗಳು ಇವೇ. ಬಲಗೈ ಸ ಗ ಪ ನುಡಿಸುವಾಗ ಎಡ ಹೆಬ್ಬೆರಳು, ನಿ ರಿ ಪ ಕ್ಕೆ ಉಂಗುರಬೆರಳು, ಸ ಗ ಧ ಕ್ಕೆ ನಡುಬೆರಳು, ಸ ಮ ಧ ಕ್ಕೆ ಕಿರುಬೆರಳು. ಒಂದು ಕಾರ್ಡಿಗೆ ಒಂದೇ ಸ್ವರ, ಮೊದಲ ಮಾತ್ರೆಯಲ್ಲಿ ಒತ್ತಿ ನಾಲ್ಕು ಮಾತ್ರೆ ಹಿಡಿಯಬೇಕು. ಮೂರು ದಿನ ಎಡಗೈಯನ್ನು ಒಂಟಿಯಾಗಿಯೇ ನುಡಿಸಿ, ನಂತರ ಎರಡನ್ನೂ ಕೂಡಿಸಿ.

ಲಯಕ್ಕೆ ಗೋಡೆ ಗಡಿಯಾರ ಸಾಕು. ಸೆಕೆಂಡಿಗೊಂದು ಟಿಕ್ ಎಂದರೆ ನಿಮಿಷಕ್ಕೆ 60 ಮಾತ್ರೆ. ಬ್ಯಾಲಡುಗಳ ನಡಿಗೆ ಸಾಮಾನ್ಯವಾಗಿ 60ರಿಂದ 80ರ ಒಳಗಿರುತ್ತದೆ. ಕಾರ್ಡಿಗೆ ನಾಲ್ಕು ಮಾತ್ರೆಯಂತೆ ನಾಲ್ಕು ಕಾರ್ಡುಗಳಿಗೆ 16 ಮಾತ್ರೆ, ಎಂದರೆ ತೀನ್‌ತಾಲದ ಒಂದು ಆವರ್ತನದಷ್ಟು, ಅಥವಾ ಭಜನೆಯ ಕೆಹರವಾದ ಎರಡು ಆವರ್ತನ. ಸ ಗ ಪ ಬಂದಾಗಲೆಲ್ಲ ಸಮ್, ಎಂದರೆ ಆವರ್ತನದ ಮೊದಲ ಮಾತ್ರೆ, ಬಂತು ಎಂದುಕೊಂಡರೆ ಎಣಿಕೆಯ ಭಾರ ಇಳಿಯುತ್ತದೆ. ಆರು ಮಾತ್ರೆಯ ತೂಗುವ ನಡೆಯ ಹಾಡಾದರೆ ದಾದ್ರಾ ಕೇಳಿದ ಕಿವಿ ಅದನ್ನು ತಾನೇ ಗುರುತಿಸುತ್ತದೆ. ತಪ್ಪುವುದು ಬಹುತೇಕ ಒಂದು ಕಾರ್ಡಿನ ನಾಲ್ಕನೇ ಮಾತ್ರೆಯಿಂದ ಮುಂದಿನದರ ಮೊದಲ ಮಾತ್ರೆಗೆ ದಾಟುವ ಜಾಗದಲ್ಲಿ. ಎಡವಿದಾಗಲೆಲ್ಲ ಪಲ್ಲವಿಯಿಂದ ಮತ್ತೆ ಆರಂಭಿಸುವುದು ಎಲ್ಲರ ಅಭ್ಯಾಸ. ಹಾಗೆ ಮಾಡಿದರೆ ಬರುವ ಭಾಗವೇ ಇನ್ನಷ್ಟು ಬರುತ್ತದೆ, ಬಾರದ ಜಾಗ ಬಾರದೆಯೇ ಉಳಿಯುತ್ತದೆ. ಆ ಎರಡು ಮಾತ್ರೆಗಳನ್ನಷ್ಟೇ ಹತ್ತಿಪ್ಪತ್ತು ಸಲ ನುಡಿಸಿ, ಆಮೇಲೆ ಇಡೀ ಸಾಲಿಗೆ ಹೋಗಿ. ದಿನಕ್ಕೆ 20 ನಿಮಿಷ ಸಾಕು, ಆದರೆ ದಿನವೂ ಬೇಕು.

ಪೆಡಲು ಕಲಿಯುವಾಗ ಬಹುತೇಕರು ಕಾರ್ಡು ಮತ್ತು ಕಾಲನ್ನು ಒಟ್ಟಿಗೆ ಒತ್ತುತ್ತಾರೆ. ಆಗ ಹಿಂದಿನ ಕಾರ್ಡಿನ ಸ್ವರಗಳು ಮುಂದಿನದರೊಳಗೆ ಉಳಿದು ಎಲ್ಲವೂ ಕಲಸಿಹೋಗುತ್ತದೆ. ಸರಿಯಾದ ಕ್ರಮದಲ್ಲಿ ಕೈ ಇಳಿಯುವಾಗ ಕಾಲು ಏರುತ್ತದೆ: ಹೊಸ ಕಾರ್ಡು ನುಡಿದ ಕ್ಷಣದಲ್ಲೇ ಪೆಡಲನ್ನು ಬಿಟ್ಟು, ಬೆರಳುಗಳು ಇನ್ನೂ ಕೀಗಳ ಮೇಲಿರುವಾಗಲೇ ಮತ್ತೆ ಒತ್ತಬೇಕು. ಹಳೆಯ ದನಿ ಅಳಿದು ಹೊಸದು ನಿಲ್ಲುವುದು ಆ ಸಣ್ಣ ತೆರವಿನಲ್ಲಿ. ಹಿಮ್ಮಡಿಯನ್ನು ನೆಲದಿಂದ ಎತ್ತಬೇಡಿ. ಶಹಾಬಾದ ಕಲ್ಲಿನ ನೆಲದ ಮೇಲೆ ಪೆಡಲು ಜಾರುತ್ತದೆ, ಅಡಿಗೆ ರಬ್ಬರ್ ಚಾಪೆಯ ತುಂಡೊಂದನ್ನು ಹಾಸಿಕೊಳ್ಳಿ. ಕೆಲವು ಕೀಬೋರ್ಡುಗಳಲ್ಲಿ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಸ್ವಿಚ್ ಹಾಕಿದರೆ ಅದು ತಿರುಗುಮುರುಗಾಗಿ ಕೆಲಸ ಮಾಡುತ್ತದೆ. ಆರಿಸಿ ಮತ್ತೆ ಹಾಕಿದರೆ ಸರಿಹೋಗುತ್ತದೆ.

ಇಷ್ಟಾದ ಮೇಲೆ ನಿಮ್ಮ ಹಾಡನ್ನು ಆರಿಸಿಕೊಳ್ಳಿ. ಅದನ್ನು ಗುನುಗುತ್ತ, ಸಾಲು ಮುಗಿದಾಗ ದನಿ ಎಲ್ಲಿ ನೆಮ್ಮದಿಯಾಗಿ ನಿಲ್ಲುತ್ತದೆ ಎಂದು ನೋಡಿ. ಹೆಚ್ಚಿನ ಹಾಡುಗಳಲ್ಲಿ ಅದೇ ಷಡ್ಜ. ಶುದ್ಧ ಗಾಂಧಾರದ ಹಾಡಾದರೆ ಸ ಗ ಪ ದಿಂದ ಆರಂಭಿಸಿ ನೋಡಿ. ಗಾಂಧಾರ ಕೋಮಲವಾಗಿ ಹಾಡಿನಲ್ಲಿ ವಿಷಾದದ ಛಾಯೆ ಇದ್ದರೆ ಇಲ್ಲಿಯವರೆಗೆ ಧೈವತವಾಗಿದ್ದ ಎ ಯನ್ನೇ ಷಡ್ಜವಾಗಿಟ್ಟುಕೊಂಡು ಎ ಮೈನರಿನಿಂದ ಹೊರಡಿ. ಅಲ್ಲಿಂದ ಬಿಳಿ ಕೀಗಳಲ್ಲೇ ಆಸಾವರಿ ಥಾಟಿನ ಸ್ವರಗಳು ಸಿಗುತ್ತವೆ, ಕಾರ್ಡುಗಳು ಅವೇ ನಾಲ್ಕು, ಬರುವ ಸರದಿ ಮಾತ್ರ ಬೇರೆ. ಕಾರ್ಡು ಹಾಡಿಗೆ ಒಪ್ಪದಿದ್ದರೆ ಕಿವಿ ಕೂಡಲೇ ಹೇಳುತ್ತದೆ. ಉಳಿದ ಮೂರನ್ನು ಒಂದೊಂದಾಗಿ ಹಾಕಿ ನೋಡಿ. ಬಿಳಿ ಒಂದರ ಶ್ರುತಿ ನಿಮ್ಮ ದನಿಗೆ ಹೊಂದದಿದ್ದರೆ ಟ್ರಾನ್ಸ್‌ಪೋಸ್ ಗುಂಡಿಯಿಂದ ಏರಿಸಿ ಅಥವಾ ಇಳಿಸಿ, ಬೆರಳುಗಳು ಅದೇ ಕೀಗಳ ಮೇಲಿರಲಿ.

ಮೊದಲ ಚರಣದಲ್ಲಿ ಕಾರ್ಡಿಗೆ ಒಂದೇ ಸಲ, ಮೆತ್ತಗೆ ನುಡಿಸಿ. ಪಲ್ಲವಿ ಮರಳಿದಾಗ ಮಾತ್ರೆಗೊಂದರಂತೆ ನಾಲ್ಕು ಸಲ, ತುಸು ಬಲ ಕೊಟ್ಟು. ಎರಡನೆಯ ಚರಣದಲ್ಲಿ ಮೂರು ಸ್ವರಗಳನ್ನು ಒಟ್ಟಿಗೆ ಒತ್ತದೆ ಹೆಬ್ಬೆರಳಿನಿಂದ ಒಂದೊಂದಾಗಿ ಬಿಡಿಸಿ. ಕೊನೆಯ ಸಾಲಿಗೆ ಮತ್ತೆ ಮೊದಲಿನ ಮೃದುತ್ವಕ್ಕೆ ಮರಳಿ. ಕೊನೆಯ ಸ ಗ ಪ ನುಡಿಸುವ ಮುನ್ನ ಕೋಣೆಯ ಫ್ಯಾನ್ ಆರಿಸಿರಲಿ. ಪೆಡಲು ಒತ್ತಿ ಹಿಡಿದು, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಸ್ವರ ತಾನಾಗಿ ಆರಿ ಕೇಳದಂತಾಗುವವರೆಗೆ ಕಾಲು ಎತ್ತಬೇಡಿ.