ಹಿರಿಯರ ಮಾತ್ರೆಗಳ ಪಟ್ಟಿ ಬರೆಯುವುದು ಹೇಗೆ?

ದಿನಕ್ಕೆ 5 ಬಗೆ ಅಥವಾ ಅದಕ್ಕಿಂತ ಜಾಸ್ತಿ ಔಷಧಿ ತೆಗೆದುಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ, ಅವನ್ನೆಲ್ಲ ಒಟ್ಟಿಗೆ ಒಬ್ಬ ವೈದ್ಯರು ನೋಡಲೇಬೇಕು. ವಯಸ್ಸಾದಂತೆ ಕಿಡ್ನಿ ಕೆಲಸ ನಿಧಾನವಾಗಿ, ಎಷ್ಟೋ ಔಷಧಿಗಳು ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ತಲೆಸುತ್ತು, ಮರೆವು, ಮಲಬದ್ಧತೆ ಬಂದರೆ ‘ವಯಸ್ಸಾಯ್ತಲ್ವಾ’ ಅಂದು ಸುಮ್ಮನಾಗಬೇಡಿ. ಮಾತ್ರೆಯಿಂದಲೂ ಇವು ಬರುತ್ತವೆ.

ಮೊದಲು ಮನೆಯಲ್ಲಿರುವ ಔಷಧಿಗಳನ್ನೆಲ್ಲ ಒಂದೆಡೆ ಸೇರಿಸಿ.

ಆಮೇಲೆ ಪಟ್ಟಿ. ಜನ ಎಡವುವುದು ಇಲ್ಲೇ. ಬ್ರ್ಯಾಂಡ್ ಹೆಸರಷ್ಟೇ ಬರೆದುಕೊಂಡು ಹೋಗುತ್ತಾರೆ. ಸ್ಟ್ರಿಪ್ ಮೇಲೆ ಬ್ರ್ಯಾಂಡ್ ಜೊತೆಗೇ ಇರುವ, ಒಳಗಿನ ಔಷಧಿಯ ಹೆಸರು ಬರೆಯಿರಿ. ಇಬ್ಬರು ವೈದ್ಯರು ಕೊಟ್ಟ ಎರಡು ಬ್ರ್ಯಾಂಡ್‌ಗಳಲ್ಲೂ ಬಿಪಿ ಔಷಧಿ ಅಮ್ಲೋಡಿಪಿನ್ನೇ ಇರಬಹುದು. ಜ್ವರದ ಮಾತ್ರೆಯಲ್ಲೂ ನೆಗಡಿ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಒಂದೇ ಮಾತ್ರೆಯಲ್ಲಿ ಎರಡು ಔಷಧಿ ಇದ್ದರೆ ಎರಡನ್ನೂ ಬರೆಯಿರಿ.

ಪಕ್ಕದಲ್ಲಿ ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾವ ತೊಂದರೆಗೆ, ಯಾವಾಗ ಶುರುವಾಯಿತು ಎಂದೂ ಬರೆಯಿರಿ. ಶುರುವಾದ ತಿಂಗಳನ್ನು ಬಿಡಲೇಬೇಡಿ. ಬಿಪಿಗೆ ಕೊಟ್ಟ ಅಮ್ಲೋಡಿಪಿನ್‌ನಿಂದ ಕಾಲು ಊದಬಹುದು. ಅದನ್ನು ಹೊಸ ಕಾಯಿಲೆ ಅಂದುಕೊಂಡು ಮೂತ್ರ ಹೆಚ್ಚಿಸುವ ಮಾತ್ರೆ ಸೇರುತ್ತದೆ. ರಾತ್ರಿ ಪದೇ ಪದೇ ಏಳಬೇಕಾಗಿ, ಕತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಯಾವುದರ ಹಿಂದೆ ಯಾವುದು ಬಂತು ಎಂಬುದನ್ನು ತಿಂಗಳುಗಳೇ ಹೇಳುತ್ತವೆ.

ಚೀಟಿಯಲ್ಲಿ ಇರುವುದನ್ನಲ್ಲ, ನಿಜವಾಗಿ ನುಂಗುವುದನ್ನು ಬರೆಯಿರಿ. ತಾವೇ ಕೊಂಡ ನೋವಿನ ಮಾತ್ರೆ, ಗಿಡಮೂಲಿಕೆ ಪುಡಿ, ಕಣ್ಣಿನ ಹನಿ ಎಲ್ಲವೂ ಬೇಕು. ಬಿಪಿಯ ಎನಾಲಾಪ್ರಿಲ್, ಮೂತ್ರ ಹೆಚ್ಚಿಸುವ ಮಾತ್ರೆ ಎರಡರ ಜೊತೆಗೆ ನೋವಿನ ಮಾತ್ರೆ ಐಬುಪ್ರೊಫೆನ್ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ನೆಗಡಿ ಮಾತ್ರೆಯ ಕ್ಲೋರ್‌ಫೆನಿರಮಿನ್‌ನಿಂದ ಹಿರಿಯರಿಗೆ ಗೊಂದಲವಾಗಬಹುದು, ಮೂತ್ರ ಕಟ್ಟಬಹುದು.

ಫೋನಿನಲ್ಲಿ ಸ್ಟ್ರಿಪ್‌ಗಳ ಫೋಟೊ ತೆಗೆದರೆ ಸಾಕು ಅನ್ನುವವರಿದ್ದಾರೆ. ಸಾಲದು, ಕಾಗದದಲ್ಲೇ ಬರೆಯಿರಿ. ಮಾತ್ರೆಗಳನ್ನೆಲ್ಲ ಬಿಡಿಸಿ ಒಂದೇ ಬಾಟಲಿಗೆ ಸುರಿಯುವುದಂತೂ ಬೇಡವೇ ಬೇಡ. ಹೆಸರೂ ಹೋಗುತ್ತದೆ, ಅವಧಿ ಮುಗಿಯುವ ದಿನಾಂಕವೂ ಹೋಗುತ್ತದೆ. ವಾರದ ಮಾತ್ರೆ ಡಬ್ಬಿ ಒಳ್ಳೆಯದೇ, ಆದರೆ ಮುಚ್ಚಳ ಬಿಗಿ ಇರುವ ಅಗ್ಗದ್ದನ್ನು ಕೊಳ್ಳಬೇಡಿ. ನಡುಗುವ ಕೈಗೆ ಅದು ತೆರೆಯುವುದಿಲ್ಲ.

ಕೊನೆಗೆ ಪಟ್ಟಿ ಹಿಡಿದು ವೈದ್ಯರ ಹತ್ತಿರ ಹೋಗಿ. ಒಂದೊಂದಕ್ಕೂ ‘ಇದು ಈಗಲೂ ಬೇಕಾ? ಡೋಸ್ ಕಡಿಮೆ ಮಾಡಬಹುದಾ?’ ಎಂದು ಕೇಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಬಿಪಿ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್, ಸ್ಟೀರಾಯ್ಡ್, ನಿದ್ದೆಗೆ ಕೊಡುವ ಕ್ಲೋನಾಜೆಪಾಮ್ ಇಂಥವನ್ನು ತಟ್ಟನೆ ಬಿಟ್ಟರೆ ಅಪಾಯ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ದಿನವೇ ಪಟ್ಟಿಯನ್ನು ಹೊಸದಾಗಿ ಬರೆಯಿರಿ. ನಿಲ್ಲಿಸಲು ಹೇಳಿದ ಹಳೆಯ ಸ್ಟ್ರಿಪ್‌ಗಳನ್ನು ಅವತ್ತೇ ಮನೆಯಿಂದ ಹೊರಗೆ ಹಾಕಿ.