ಮೊಣಕಾಲು ನೋವಿಗೆ ನಾನು ಸೂಜಿ ಹಾಕುವ ಬಗೆ

ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಓದುವಾಗ ಅಕ್ಯುಪಂಕ್ಚರ್ ಕಲಿತೆ. ಈಗ ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೊಣಕಾಲು ಸವೆದವರು. "ಡಾಕ್ಟ್ರೇ, ಇದೂ ಇಂಜೆಕ್ಷನ್ನೇ ಅಲ್ವಾ?" ಎಂದು ಕೇಳುತ್ತಾರೆ. ಅಲ್ಲ. ಇದರಲ್ಲಿ ಔಷಧಿ ಇಲ್ಲ, ಸೂಜಿಗೆ ತೂತೂ ಇಲ್ಲ. ಕಾಲು ಮಿಲಿಮೀಟರ್ ದಪ್ಪದ ಸ್ಟೀಲ್ ಸೂಜಿ. ಅವರ ಕಣ್ಣೆದುರೇ ಪ್ಯಾಕೆಟ್ ಒಡೆಯುತ್ತೇನೆ, ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗಿಲ್ಲ.

ಮೊಣಕಾಲಿಗೆ ನಾನು ಬಿಡದೆ ಸೂಜಿ ಹಾಕುವ ಬಿಂದುವಿಗೆ ಅಕ್ಯುಪಂಕ್ಚರ್‌ನಲ್ಲಿ ಎಸ್‌ಟಿ 36 ಎಂದು ಹೆಸರು. ಚಿಪ್ಪಿನ ಕೆಳಗೆ ನಾಲ್ಕು ಬೆರಳು, ಕಾಲಿನ ಮುಂದಿನ ಮೂಳೆಯ ಅಂಚಿನಿಂದ ಹೊರಬದಿಗೆ ಒಂದು ಬೆರಳು. ಬೆರಳು ಎಂದರೆ ರೋಗಿಯ ಬೆರಳು, ನನ್ನದಲ್ಲ. ಆಳು ಎತ್ತರವಿದ್ದರೆ ಜಾಗವೂ ಕೆಳಗಿಳಿಯುತ್ತದೆ. ಚರ್ಮ ದಾಟುವಾಗ ಇರುವೆ ಕಚ್ಚಿದಷ್ಟು ಚುರುಕ್ ಎನ್ನುತ್ತದೆ. ಸುಮಾರು ಒಂದಿಂಚು ಒಳಗಿಳಿಸಿ ಮೆಲ್ಲಗೆ ತಿರುಗಿಸಿದರೆ, "ಒಳಗೆ ಏನೋ ಎಳೀತಿದೆ, ಪಾದದ ತನಕ ಜುಂ ಅಂತಿದೆ" ಎನ್ನುತ್ತಾರೆ. ಚೀನಿಯರು 'ದೇ ಚಿ' ಎನ್ನುವುದು ಇದನ್ನೇ. ಅದೇ ಹೊತ್ತಿಗೆ ನನ್ನ ಬೆರಳಿಗೂ ಸೂಜಿ ಬಿಗಿಯಾದದ್ದು ತಿಳಿಯುತ್ತದೆ. ಒಳಗಿನ ಅಂಗಾಂಶದ ನಾರುಗಳು ಸೂಜಿಗೆ ಸುತ್ತಿಕೊಳ್ಳುವುದನ್ನು ಅಮೆರಿಕದ ಸಂಶೋಧಕಿ ಹೆಲೆನ್ ಲ್ಯಾಂಗೆವಿನ್ ಪ್ರಯೋಗಗಳಲ್ಲಿ ತೋರಿಸಿದ್ದಾರೆ.

ನೋವು ಇಳಿಯುವುದು ಹೇಗೆ? 2010ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು ಇಲಿಗಳ ಇದೇ ಬಿಂದುವಿನಲ್ಲಿ ಸೂಜಿ ತಿರುಗಿಸಿದಾಗ ಸುತ್ತಲೂ ನೋವು ತಗ್ಗಿಸುವ ಅಡೆನೊಸಿನ್ ಎಂಬ ರಾಸಾಯನಿಕ ಹೆಚ್ಚಿತು. ಅದಕ್ಕೆ ಸ್ಪಂದಿಸುವ ಗ್ರಾಹಕವೇ (ಜೀವಕೋಶದ ರಿಸೆಪ್ಟರ್) ಇಲ್ಲದ ಇಲಿಗಳಿಗೆ ಸೂಜಿಯಿಂದ ನೋವು ತಗ್ಗಲಿಲ್ಲ. ಮೆದುಳು ತಾನೇ ತಯಾರಿಸುವ ನೋವುನಿವಾರಕವಾದ ಎಂಡಾರ್ಫಿನ್‌ನ ಪಾಲೂ ಇದೆ. ಅದರ ಕೆಲಸ ತಡೆಯುವ ನಲೊಕ್ಸೋನ್ ಎಂಬ ಔಷಧಿ ಕೊಟ್ಟರೆ ಪರಿಣಾಮ ಕುಗ್ಗುವುದು 1970ರ ದಶಕದ ಪ್ರಯೋಗಗಳಲ್ಲೇ ಕಂಡಿತ್ತು. ಹಾಗಾಗಿ ನಾನು ಸೂಜಿ ಚುಚ್ಚಿ ಎದ್ದುಹೋಗುವುದಿಲ್ಲ. ಇಪ್ಪತ್ತು ನಿಮಿಷ ಪಕ್ಕದಲ್ಲಿದ್ದು ಆಗಾಗ ತಿರುಗಿಸುತ್ತೇನೆ.

ಆದರೆ ಸವೆದ ಮೃದ್ವಸ್ಥಿಯನ್ನು (ಕೀಲಿನ ಮೂಳೆಗಳ ತುದಿಯ ಮೆತ್ತೆ) ಯಾವ ಸೂಜಿಯೂ ಬೆಳೆಸದು. ಚಿಕಿತ್ಸೆಯಂತೆ ಕಾಣುವ ಹುಸಿ ಸೂಜಿಯೊಂದಿಗೆ ಹೋಲಿಸಿದ ಅಧ್ಯಯನಗಳಲ್ಲಿ ನಿಜವಾದದ್ದರ ಮೇಲುಗೈ ಚಿಕ್ಕದೇ. ಇದನ್ನು ಮೊದಲ ದಿನವೇ ಹೇಳುತ್ತೇನೆ, ಹೇಳಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದೀರಾ, ಗರ್ಭಿಣಿಯೇ ಎಂದೂ ವಿಚಾರಿಸುತ್ತೇನೆ. ಸಕ್ಕರೆ, ಬಿಪಿ ಮಾತ್ರೆ ನಿಲ್ಲಿಸಿ ಬರುತ್ತೇವೆ ಎನ್ನುವವರಿಗೆ ಖಂಡಿತ ಬೇಡ ಎನ್ನುತ್ತೇನೆ.

ನೋವು ತಗ್ಗಿದ ಆ ಕೆಲವು ದಿನಗಳೇ ನನಗೆ ಮುಖ್ಯ. ಅದುವರೆಗೆ ನೋವಿಗೆ ಹೆದರಿ ಕಾಲೇ ಆಡಿಸದವರು ಆಗ ವ್ಯಾಯಾಮಕ್ಕೆ ಒಪ್ಪುತ್ತಾರೆ. ಸೂಜಿ ತೆಗೆದ ಮೇಲೆ ಕುರ್ಚಿಯಲ್ಲಿ ಕೂರಿಸಿ, ಕಾಲು ನೇರ ಚಾಚಿಸಿ, ತೊಡೆ ಬಿಗಿಹಿಡಿದು ಐದು ಎಣಿಸಲು ಹೇಳುತ್ತೇನೆ. ಅದನ್ನು ಮನೆಯಲ್ಲಿ ದಿನಾ ಮಾಡುವವರಲ್ಲೇ ಗುಣ ಉಳಿಯುವುದನ್ನು ಕಂಡಿದ್ದೇನೆ.